ವೋಟಿನ ಗಿಬ್

ಎಲ್ಸ್‌ಪೆಟ್ ಗಂಡನಿಗೆ ಊಟ ಬಡಿಸುವುದನ್ನು ನಿಲ್ಲಿಸಲಿಲ್ಲ. ಅವನ ಜೊತೆ ಕೂತು ಉಣ್ಣುವುದನ್ನು ನಿಲ್ಲಿಸಿದಳು. ಗಿಬ್ ನಿಕೋಲ್‌ನ ತಟ್ಟೆ ಮುಂದಿನ ಕೋಣೆಯ ಕಿಟಕಿ ಪಕ್ಕದ ಸಣ್ಣ ಮೇಜಿಗೆ ಹೋಗುತ್ತಿತ್ತು, ಅವಳದು ಅಡಿಗೆಮನೆಯಲ್ಲೇ ಉಳಿಯುತ್ತಿತ್ತು. ನಡುವಿನ ಬಾಗಿಲನ್ನು ಮಾತ್ರ ತೆರೆದೇ ಇಡುತ್ತಿದ್ದಳು. ಬಾಗಿಲ ಬಗ್ಗೆ ಸಭೆಯವರು ಏನೂ ಹೇಳಿರಲಿಲ್ಲ. ಹೇಳದೆ ಇದ್ದದ್ದನ್ನು ತಾನಾಗಿ ಹೋಗಿ ಕೇಳಿಕೊಂಡು ಬರುವಷ್ಟು ಪೆದ್ದಿ ಅವಳಲ್ಲ.

ಸಭೆ ಅಂದರೆ ಸ್ಕಾಟ್‌ಲೆಂಡಿನ ಕಡಲಂಚಿನ ನಮ್ಮ ಪೋರ್ಟ್ ಗ್ಯಾರಿಯಲ್ಲಿ ಒಂದೇ. ಪಾದ್ರಿ ಇಲ್ಲ, ಗಂಟೆ ಇಲ್ಲ, ಕ್ರಿಸ್ಮಸ್ ಇಲ್ಲ. ಕಡಿದಾದ ಬಂಡೆಯ ಬುಡದಲ್ಲಿ ಸುಣ್ಣ ಬಳಿದ ಒಂದು ಹಜಾರ, ಒಳಗೆ ಬೆಂಚುಗಳು, ಅಷ್ಟೆ. ಊರಿನ ಅರ್ಧ ಮನೆಗಳು ಅದಕ್ಕೆ ಸೇರಿದವು. ಅವರು ಟೀವಿ ಇಡುವುದಿಲ್ಲ, ಸಭೆಗೆ ಸೇರದವರ ಜೊತೆ ಕೂತು ಉಣ್ಣುವುದಿಲ್ಲ, ಅವರ ಜೊತೆ ಪಾಲುದಾರಿಕೆ ಇಲ್ಲ, ವೋಟು ಹಾಕುವುದಂತೂ ಇಲ್ಲವೇ ಇಲ್ಲ. ನಮ್ಮ ನಾಡು ಪರಲೋಕ, ಇಲ್ಲಿಯ ದೊರೆಗಳನ್ನು ಕೂರಿಸುವುದೂ ಇಳಿಸುವುದೂ ದೇವರ ಕೆಲಸ, ಅದರಲ್ಲಿ ವೋಟಿನ ಚೀಟಿಗೆ ಗುರುತು ಹಾಕುವ ಪೆನ್ಸಿಲ್ ಹಿಡಿದು ಮೂಗು ತೂರಿಸಲು ನಾವು ಯಾರು, ಎನ್ನುತ್ತಾರೆ. ಹೊರಗಿನವರಾದ ನಮಗೆ ಇದೆಲ್ಲ ನಗೆಪಾಟಲು. ಆದರೆ ಬಿರುಗಾಳಿಯಲ್ಲಿ ಯಾರ ಬೋಟು ಸಿಕ್ಕಿಬಿದ್ದರೂ ಮೊದಲು ಹಗ್ಗ ಬಿಚ್ಚಿಕೊಂಡು ಹೊರಡುವವರು ಅವರೇ, ಅದನ್ನೂ ಹೇಳಬೇಕು.

ಗಿಬ್ ಆ ಬೆಂಚುಗಳ ಮೇಲೆಯೇ ಬೆಳೆದವನು. ಅವನ ಅಪ್ಪ ಅಲ್ಲಿ ಕೂತಿದ್ದ, ಅಜ್ಜ ಕೂತಿದ್ದ. ಎಲ್ಸ್‌ಪೆಟ್‌ಳನ್ನು ಮೊದಲು ನೋಡಿದ್ದೂ ಅಲ್ಲೇ, ತಲೆಗೆ ಸ್ಕಾರ್ಫ್ ಕಟ್ಟಿ ಎದುರು ಸಾಲಿನಲ್ಲಿ ಆಕಳಿಕೆ ತಡೆಯುತ್ತ ಕೂತಿದ್ದಾಗ. ಅಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ, ಯುರೋಪಿನ ಒಕ್ಕೂಟದಲ್ಲಿ ಇರೋಣವೋ ಬಿಡೋಣವೋ ಎಂದು ಇಡೀ ದೇಶವನ್ನು ಕೇಳಿದ ಆ ಜೂನ್ ತಿಂಗಳಲ್ಲಿ, ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಾಡಹಗಲಲ್ಲಿ ಶಾಲೆಯ ಮೆಟ್ಟಿಲು ಹತ್ತಿ ಬಿಡೋಣ ಎಂದು ವೋಟು ಹಾಕಿ ಬಂದ. ಬದುಕಿನಲ್ಲಿ ಅವನು ಹಾಕಿದ ಒಂದೇ ಒಂದು ವೋಟು ಅದು.

ನಮ್ಮೂರಲ್ಲಿ ಮನೆತನದ ಹೆಸರುಗಳು ನಾಲ್ಕೋ ಐದೋ. ಗಿಲ್ಬರ್ಟ್ ನಿಕೋಲ್ ಎಂದು ಕೂಗಿದರೆ ಬೀದಿಯಲ್ಲಿ ಮೂರು ಬಾಗಿಲು ತೆರೆಯುತ್ತವೆ. ಅದಕ್ಕೆ ಎಲ್ಲರಿಗೂ ಅಡ್ಡಹೆಸರು ಬೇಕೇಬೇಕು. ಅವನ ಅಜ್ಜ ಪಂಥ ಕಟ್ಟಿ ಒಂದು ಮುದ್ದೆ ಬೆಣ್ಣೆಯನ್ನು ಹಾಗೇ ನುಂಗಿದ್ದನಂತೆ, ಅಲ್ಲಿಂದ ಮೂರು ತಲೆಮಾರು ಬೆಣ್ಣೆಯವರು. ಆ ಜೂನ್ ಆದಮೇಲೆ ಬೆಣ್ಣೆ ಹೋಯಿತು, ವೋಟಿನ ಗಿಬ್ ಎಂಬುದು ಅಂಟಿಕೊಂಡಿತು.

ಯಾಕೆ ಹಾಕಿದ ಅಂದರೆ ಅವನದೇ ಕಾರಣಗಳಿದ್ದವು. ಹಿಂದೊಮ್ಮೆ ಒಕ್ಕೂಟದವರು ಸಮುದ್ರದಲ್ಲಿ ಬೋಟು ಹೆಚ್ಚಾಯಿತು, ಮೀನು ಕಡಿಮೆಯಾಯಿತು ಅಂದರು. ಬೋಟು ಬಿಟ್ಟುಕೊಟ್ಟವರಿಗೆ ಪರಿಹಾರ ಕೊಟ್ಟರು. ಬಿಟ್ಟುಕೊಟ್ಟ ಬೋಟನ್ನು ಮಾರುವಂತಿರಲಿಲ್ಲ, ಒಡೆದೇ ಹಾಕಬೇಕಿತ್ತು. ಗಿಬ್‌ನ ಅಪ್ಪನೂ ತನ್ನದನ್ನು ಬಿಟ್ಟುಕೊಟ್ಟ, ಮನೆಯವರು ಬೇಡವೆಂದರೂ ಕೇಳದೆ ಅದನ್ನು ಒಡೆಯುವುದನ್ನು ನೋಡಲು ಹೋದ. ರಸ್ತೆ ಅಗೆಯುವ ಯಂತ್ರ ಕೈ ಎತ್ತಿ ಬೋಟಿನ ಬೆನ್ನಿನ ಮೇಲೆ ಹಾಕಿತು. ಒಳ್ಳೆಯ ಓಕ್ ಮರ, ಒಂದೇ ಏಟಿಗೆ ಬಿಡಲಿಲ್ಲ. ಮನೆಗೆ ಬಂದ ಮುದುಕ ಕಿಟಕಿ ಪಕ್ಕದ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ಕೂತ. ಸಾಯುವವರೆಗೂ ಸಮುದ್ರಕ್ಕೆ ಬೆನ್ನು ಹಾಕಿಯೇ ಕೂತಿದ್ದ.

ಇನ್ನೊಂದು ಕಾರಣ ಗಿಬ್‌ನ ಸ್ವಂತ ಕೈಯದು. ಅವನೂ ಹೆಂಡತಿಯ ಅಣ್ಣ ಸೈಲಸ್ ವಾಟ್‌ನೂ ಸೇರಿ 'ಬೆಥೆಲ್' ಎಂಬ ಬೋಟು ನಡೆಸುತ್ತಿದ್ದರು. ಒಂದೊಂದು ಬೋಟಿಗೆ ಇಂತಿಷ್ಟೇ ಕಾಡ್ ಮೀನು ಎಂದು ಪಾಲು ಇರುತ್ತಿತ್ತು. ಪಾಲು ಮೀರಿ ಬಲೆಗೆ ಬಿದ್ದರೆ ಆಗ ದಡಕ್ಕೆ ತರುವಂತಿರಲಿಲ್ಲ, ನೀರಿಗೇ ಸುರಿಯಬೇಕಿತ್ತು. ಆ ಹೊತ್ತಿಗೆ ಅವು ಸತ್ತಿರುತ್ತಿದ್ದವು. ತೊಡೆಗಾತ್ರದ ಮೀನುಗಳನ್ನು ಸಲಿಕೆಯಲ್ಲಿ ಎತ್ತೆತ್ತಿ ಸಮುದ್ರಕ್ಕೆ ಹಾಕುವಾಗ ಸೈಲಸ್ ಟೋಪಿ ತೆಗೆದಿಡುತ್ತಿದ್ದ. ದೇವರು ಕೊಟ್ಟಿದ್ದನ್ನು ದೇವರ ಮುಖಕ್ಕೇ ಎಸೆದ ಹಾಗೆ, ಎನ್ನುತ್ತಿದ್ದ. ಹಾಗಂದವನು ಸಲಿಕೆ ಹಿಡಿದೇ ಇದ್ದ. ಗಿಬ್‌ಗೆ ಮಾತ್ರ ಅದು ವರ್ಷದಿಂದ ವರ್ಷಕ್ಕೆ ಹೊಟ್ಟೆಯಲ್ಲಿ ಕಲ್ಲಾಗುತ್ತ ಬಂತು.

ವೋಟು ಹಾಕಿ ನೇರ ಮನೆಗೆ ಬಂದ. ಎಲ್ಸ್‌ಪೆಟ್ ಒಲೆಯ ಮುಂದಿದ್ದಳು.

"ಏನಿದು ಮದುವೆ ಅಂಗಿ? ಎಲ್ಲಿಗೆ ಹೋಗಿದ್ದೆ?"

"ಶಾಲೆಗೆ."

"ಈ ವಯಸ್ಸಲ್ಲಿ ಏನ್ ಕಲಿಯೋಕೆ?"

"ವೋಟ್ ಹಾಕ್ದೆ, ಎಲ್ಸ್‌ಪೆಟ್."

ಅವಳು ನಕ್ಕಳು. ಅವನು ನಗದೆ ನಿಂತಿದ್ದ. ಅವಳು ಒಲೆ ಆರಿಸಿ ಸ್ಟೂಲಿನ ಮೇಲೆ ಕೂತಳು.

"ಯಾಕೆ ಹೀಗ್ ಮಾಡ್ದೆ?"

"ಆ ಸಮುದ್ರ ನಮ್ದು. ನಮ್ಮ ಕೈಗೆ ಬಂದ್ರೆ ಮೀನು ಎಸೆಯೋದು ತಪ್ಪುತ್ತೆ, ಬೋಟು ಒಡೆಯೋದು ತಪ್ಪುತ್ತೆ. ಒಂದು ಸಲ ಪೆನ್ಸಿಲ್ ಹಿಡಿದ್ರೆ ದೇವ್ರೇನೂ ಕಣ್ಣು ಕಿತ್ಕೊಳ್ಳಲ್ಲ."

"ದೇವ್ರ ಮಾತು ಆಮೇಲೆ," ಎಂದಳು ಎಲ್ಸ್‌ಪೆಟ್. "ಅಣ್ಣನಿಗೆ ಏನ್ ಹೇಳ್ತೀಯ?"

ಸೈಲಸ್ ಸಭೆಯ ಹಿರಿಯ. ಅದೇ ವಾರ ಇನ್ನಿಬ್ಬರು ಹಿರಿಯರ ಜೊತೆ ಮನೆಗೆ ಬಂದ. ಮೂರೂ ಜನ ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಸಾಲಾಗಿ ಕೂತರು. ಸೈಲಸ್‌ಗೆ ಈ ಕೆಲಸ ಬೇಕಿರಲಿಲ್ಲ ಎಂಬುದು ಅವನ ಕಿವಿ ಕೆಂಪಾಗಿದ್ದರಿಂದಲೇ ಗೊತ್ತಾಗುತ್ತಿತ್ತು.

"ತಪ್ಪಾಯ್ತು ಅಂತ ಒಂದೇ ಒಂದು ಮಾತು ಹೇಳ್ಬಿಡು ಗಿಬ್. ಭಾನುವಾರ ಸಭೇಲಿ ಎಲ್ರೂ ಕೂಡಿ ರೊಟ್ಟಿ ಮುರಿದು ಹಂಚ್ಕೊಳ್ಳೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ."

"ತಪ್ಪು ಅಂತ ನನಗೆ ಅನ್ನಿಸ್ತಿಲ್ಲವಲ್ಲ ಸೈಲಸ್. ಸಮುದ್ರ ವಾಪಸ್ ಬರ್ಲಿ. ಬಂದ ದಿನ ಯಾರದ್ದು ತಪ್ಪು ಅಂತ ನೀವೇ ಬಂದು ಹೇಳ್ತೀರ."

"ವಾಪಸ್ ಬರೋಕೆ ಸಮುದ್ರ ಎಲ್ಲಿಗೆ ಹೋಗಿತ್ತು ಮಾರಾಯ?"

ಉಳಿದ ಇಬ್ಬರು ಹಿರಿಯರು ನಗಲಿಲ್ಲ. ಗಿಬ್ ತನ್ನ ಮಾತು ಬಿಡಲಿಲ್ಲ. ತಿಂಗಳೊಪ್ಪತ್ತು ಕಾದು ನೋಡಿ ಸಭೆಯಿಂದ ಅವನನ್ನು ಹೊರಗಿಟ್ಟರು. ಹೊರಗಿಟ್ಟವನ ಜೊತೆ ಪಾಲು ಕೂಡದು, ಆದ್ದರಿಂದ ಬೆಥೆಲ್ ಸೈಲಸ್‌ಗೆ ಉಳಿಯಿತು, ಗಿಬ್ ತನ್ನ ಪಾಲಿನ ಹಣದಲ್ಲಿ ಸಿಗಡಿ ಹಿಡಿಯುವ 'ಎಲಿಮ್' ಎಂಬ ಸಣ್ಣ ಬೋಟು ಕೊಂಡ. ಇಪ್ಪತ್ತು ವರ್ಷ ಒಂದೇ ಬೋಟಿನಲ್ಲಿ ಒಂದೇ ಕೆಟಲಿನ ಚಹಾ ಕುಡಿದ ಸೈಲಸ್ ಆಮೇಲೆ ಬೋಟು ಕಟ್ಟುವ ಧಕ್ಕೆಯ ಮೇಲೆ ಎದುರಾದರೆ "ಗಾಳಿ ತಿರುಗಿದೆ, ನೋಡಿಕೊಂಡು ಹೋಗಿ," ಎಂದು ಬಹುವಚನದಲ್ಲಿ ಮಾತಾಡಿ ದಾಟಿಹೋಗುತ್ತಿದ್ದ. ಆ 'ಹೋಗಿ' ಗಿಬ್‌ಗೆ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು.

ಬೋಟು ಹೋದದ್ದನ್ನು, ಬೆಂಚು ಹೋದದ್ದನ್ನು ಅವನು ಹೇಗೋ ನುಂಗಿಕೊಂಡ. ನುಂಗಲಾಗದೆ ಉಳಿದದ್ದು ಅಡಿಗೆಮನೆಯ ಮೇಜು. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ದಿನಗಟ್ಟಲೆ ಸಮುದ್ರದ ಮೇಲೆ ಇದ್ದು ಬಂದವನಿಗೆ ಆ ಮೇಜೇ ಮನೆ. ಎದುರಿಗೆ ಅವಳು ಕೂತು ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಊರಿನ ಸುದ್ದಿ ಹೇಳಬೇಕು, ಇವನು ಬಾಯಿತುಂಬ ತುತ್ತು ಇಟ್ಟುಕೊಂಡು ಹೂಂ ಹೂಂ ಅನ್ನಬೇಕು. ಈಗ ಅವಳು ಅಲ್ಲಿ ಪ್ರಾರ್ಥನೆ ಹೇಳಿ ಉಣ್ಣುತ್ತಿದ್ದಳು, ಇವನು ಇಲ್ಲಿ ಹೇಳಿ ಉಣ್ಣುತ್ತಿದ್ದ. ಅವಳ ಪ್ರಾರ್ಥನೆಗೆ ಇವನು ಆಮೆನ್ ಅನ್ನುವ ಹಾಗಿಲ್ಲ. ಅದಕ್ಕೆ ಇವನು ಒಂದು ಉಪಾಯ ಮಾಡಿಕೊಂಡ. ಅವಳ ದನಿಗೆ ಕಿವಿಗೊಟ್ಟು, ತನ್ನದನ್ನು ಎಳೆದೋ ಮೊಟಕು ಮಾಡಿಯೋ, ಇಬ್ಬರ ಆಮೆನ್ ಒಂದೇ ಸಲ ಬರುವ ಹಾಗೆ ಹೊಂದಿಸುತ್ತಿದ್ದ. ಅವಳಿಗೂ ಇದು ಗೊತ್ತಿತ್ತು. ಒಮ್ಮೊಮ್ಮೆ ಕೊನೆಗೆ ಬಂದು ಅವಳೇ ಒಂದು ಗಳಿಗೆ ನಿಂತು ಕಾಯುತ್ತಿದ್ದಳು.

ಸಮುದ್ರ ಬರಬೇಕು, ಸಭೆ ಒಪ್ಪಬೇಕು, ಒಪ್ಪಿದ ದಿನ ತಾನು ತಟ್ಟೆ ಹಿಡಿದು ಆ ಹೊಸ್ತಿಲು ದಾಟಬೇಕು. ಗಿಬ್ ಬದುಕಿದ್ದದ್ದು ಅಷ್ಟಕ್ಕೇ. ಒಕ್ಕೂಟ ಬಿಡುವುದೆಂದೇ ವೋಟು ಬಿದ್ದಿತ್ತು, ಆದರೆ ಲಂಡನ್ನಿನಲ್ಲಿ ದೊಡ್ಡವರು ಒಪ್ಪಂದ ಆಯಿತು ಅನ್ನುವರು, ಮುರಿಯಿತು ಅನ್ನುವರು, ಮಂತ್ರಿ ಹೋಗಿ ಮಂತ್ರಿ ಬರುವರು. ಪ್ರತಿ ಚಳಿಗಾಲದ ಮೊದಲಿಗೆ ಗಿಬ್ ಮುಂದಿನ ಕೋಣೆಯಿಂದ ಹೇಳುತ್ತಿದ್ದ.

"ಇನ್ನೊಂದು ವರ್ಷ, ಎಲ್ಸ್‌ಪೆಟ್."

"ಸಾರು ಆರುತ್ತೆ, ಉಣ್ಣು," ಎನ್ನುತ್ತಿದ್ದಳು ಅವಳು.

ಕೊನೆಗೆ ಒಪ್ಪಂದ ಆದದ್ದು ವೋಟಾಗಿ ನಾಲ್ಕೂವರೆ ವರ್ಷದ ಮೇಲೆ, ಕ್ರಿಸ್ಮಸ್ ಹಿಂದಿನ ದಿನ. ಜಗತ್ತಿಗೇ ಹಬ್ಬಿದ ಆ ರೋಗದ ದೆಸೆಯಿಂದ ಎಲ್ಲ ಕಡೆ ಹೋಟೆಲುಗಳಿಗೆ ಬೀಗ ಬಿದ್ದಿದ್ದ ಕಾಲ, ಮೊದಲೇ ಮೀನಿಗೆ ಬೆಲೆ ಇರಲಿಲ್ಲ. ಗಿಬ್ ಧಕ್ಕೆಗೆ ಓಡಿದ. ಅಲ್ಲಿ ಲಾರಿ ಚಾಲಕ ಪಿರಿ ಬಾಗಿಲಿಗೆ ಒರಗಿಕೊಂಡು ಸಿಗರೇಟು ಸೇದುತ್ತಿದ್ದ. ನಮ್ಮೂರಿನ ಸಿಗಡಿಯನ್ನು ಫ್ರಾನ್ಸಿನ ಬುಲೋನ್‌ನ ಮೀನು ಮಂಡಿಗೆ ಒಯ್ಯುವವನು ಅವನೇ. ದೇವರೂ ಇಲ್ಲ, ದಿಂಡರೂ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ.

"ಏನ್ ವೋಟಿನ ಗಿಬ್, ನಿನ್ನ ಸಮುದ್ರ ಬಂತಂತೆ? ಸ್ಟೇಷನ್ನಿಗೆ ಹೋಗಿ ಕರ್ಕೊಂಡ್ ಬರ್ಬೇಕಾ, ತಾನೇ ನಡ್ಕೊಂಡ್ ಬರುತ್ತಾ?"

"ಎಷ್ಟು ಬಂತು, ಅದನ್ ಹೇಳು."

"ರೇಡಿಯೋದಲ್ಲಿ ಹೇಳಿದ್ರು. ಸ್ವಲ್ಪ ಸ್ವಲ್ಪವಾಗಿ ಬರುತ್ತಂತೆ, ಐದಾರು ವರ್ಷ. ಅಲ್ಲೀವರೆಗೂ ಒಕ್ಕೂಟದವ್ರ ಬೋಟುಗಳು ಇಲ್ಲೇ ಇರ್ತಾವಂತೆ."

"ಇಲ್ಲೇ ಅಂದ್ರೆ?"

ಪಿರಿ ಸಿಗರೇಟಿನ ತುದಿಯಿಂದ ಬಂದರಿನ ಬಾಯಿಯ ಕಡೆ ತೋರಿಸಿದ. "ಇಲ್ಲೇ ಅಂದ್ರೆ ಇಲ್ಲೇ."

ಬಂದ ಆ ಸ್ವಲ್ಪವೂ ದೊಡ್ಡ ದೊಡ್ಡ ಬೋಟಿನವರು ಹಿಡಿಯುವ ಬಂಗುಡೆ ಜಾತಿಯ ಮೀನಿಗೇ ಹೆಚ್ಚಾಗಿ ಬಂತು. ನಮ್ಮವರ ಕಾಡ್, ಹ್ಯಾಡಕ್ ಮೀನುಗಳಿಗೆ ಇದ್ದ ಪಾಲೂ ಕುಗ್ಗಿತು. ಮೊದಲೆಲ್ಲ ವರ್ಷದ ಕೊನೆಯಲ್ಲಿ ಪಾಲು ಮುಗಿದರೆ ಒಕ್ಕೂಟದ ಬೇರೆ ದೇಶದವರ ಹತ್ತಿರ ಕೊಡು ಕೊಳ್ಳು ಮಾಡಿ ಹೇಗೋ ಸರಿದೂಗಿಸುತ್ತಿದ್ದರು. ಮನೆ ಬಿಟ್ಟು ಬಂದಮೇಲೆ ಆ ಮನೆಯವರ ಹತ್ತಿರ ಕೈಗಡ ಕೇಳುವುದು ಹೇಗೆ? ವೋಟು ಹಾಕದ ಸೈಲಸ್‌ನ ಬೆಥೆಲ್ ಕೂಡ ತಿಂಗಳಲ್ಲಿ ಹದಿನೈದು ದಿನ ಧಕ್ಕೆಯಲ್ಲೇ ಕಟ್ಟಿಹಾಕಿಕೊಂಡು ನಿಲ್ಲತೊಡಗಿತು.

ಗಿಬ್‌ಗೆ ಸಿಗಡಿಯಾದರೂ ಇತ್ತು. ಮುಂಗಾಲಲ್ಲಿ ಚಿಮಟದಂಥ ಕೊಂಡಿಯಿರುವ ಆ ಕಿತ್ತಳೆ ಬಣ್ಣದ ಉದ್ದ ಸಿಗಡಿಯನ್ನು ನಮ್ಮವರು ತಿನ್ನುವುದೇ ಇಲ್ಲ, ಅಷ್ಟೂ ಫ್ರಾನ್ಸಿನವರಿಗೆ. ಮೊದಲೆಲ್ಲ ಇವತ್ತು ಬಲೆಯಿಂದ ತೆಗೆದದ್ದು ನಾಳಿದ್ದು ಅವರ ತಟ್ಟೆಯಲ್ಲಿರುತ್ತಿತ್ತು. ಗಡಿ ಎಂಬುದೊಂದು ಇದೆ ಎಂದು ಪಿರಿಗೂ ಗೊತ್ತಿರಲಿಲ್ಲ, ಸಿಗಡಿಗೂ ಗೊತ್ತಿರಲಿಲ್ಲ. ಜನವರಿಯ ಮೊದಲ ಲೋಡಿಗೆ ಗಿಬ್ ತಾನೇ ಪೆಟ್ಟಿಗೆಗಳಿಗೆ ಐಸು ಹಾಕಿ, ಒದ್ದೆ ಗೋಣಿ ಹೊದಿಸಿ ಲಾರಿಗೆ ಏರಿಸಿದ. ಈ ಲೋಡು ಚೆನ್ನಾಗಿ ಹೋದರೆ ಸೈಲಸ್‌ನ ಮನೆ ಮುಂದೆ ತಲೆಯೆತ್ತಿ ನಡೆಯಬಹುದು ಎಂದುಕೊಂಡ.

ವಾರದ ಕೊನೆಗೆ ಲಾರಿ ತಿರುಗಿ ಬಂತು. ಪಿರಿ ಇಳಿಯುವಾಗ ಅವನ ಮುಖದಲ್ಲಿ ಎಂದಿನ ಕುಚೋದ್ಯ ಇರಲಿಲ್ಲ.

"ಸ್ಕಾಟ್‌ಲೆಂಡೇ ದಾಟ್ಲಿಲ್ಲ ಗಿಬ್. ಸಿಗಡಿಗೂ ಈಗ ಪಾಸ್‌ಪೋರ್ಟ್ ಬೇಕು, ಪಶುವೈದ್ಯರ ಸಹಿ ಬೇಕು. ಒಂದ್ ಪೆಟ್ಟಿಗೆ ಕಾಗದದಲ್ಲಿ ತಪ್ಪಿದ್ರೆ ಇಡೀ ಲಾರಿ ನಿಲ್ಲುತ್ತೆ. ನನ್ನ ಹೊಟ್ಟೆ ಕುಯ್ದಾಗ್ಲೂ ಇಷ್ಟು ಡಾಕ್ಟ್ರು ನೋಡಿರ್ಲಿಲ್ಲ."

"ಯಾರ ಪೆಟ್ಟಿಗೆ ತಪ್ಪಿತ್ತು?"

"ಯಾರದೋ. ನಿಂದಲ್ಲ. ಏನೀಗ, ಎಲ್ಲದೂ ಒಟ್ಟಿಗೇ ಕೊಳೀತು."

ಗಿಬ್ ಒಂದು ಪೆಟ್ಟಿಗೆಯ ಗೋಣಿ ಸರಿಸಿದ. ತಲೆಗಳು ಕಪ್ಪಾಗಿದ್ದವು, ಕಣ್ಣು ನೀರು ತುಂಬಿಸುವ ಘಾಟು ಎದ್ದಿತು. ಆದರೂ ಬಾಗಿ ಒಂದೊಂದೇ ಪೆಟ್ಟಿಗೆ ತೆರೆದು ನೋಡಿದ, ಎಲ್ಲಾದರೂ ಒಂದು ಉಳಿದಿರಬಹುದು ಎಂಬಂತೆ. ಪಿರಿ ಬಂದು ಗೋಣಿಯನ್ನು ಮತ್ತೆ ಮುಚ್ಚಿದ.

"ಬಿಡೋ ಬೆಣ್ಣೆ," ಎಂದ ಕೊನೆಗೆ. ಹಳೆಯ ಹೆಸರು ಅವನ ಬಾಯಿಂದ ತಾನಾಗೇ ಬಂತು. "ನೋಡಿದ್ರೆ ಬದುಕ್ತವಾ?"

ಮಾರನೆಯ ಬೆಳಗ್ಗೆ ಗಿಬ್ ಪೆಟ್ಟಿಗೆಗಳನ್ನು ಎಲಿಮ್‌ಗೆ ಹೇರಿಕೊಂಡು ಒಬ್ಬನೇ ಹೊರಗೆ ಹೋದ. ಬಂಡೆಗಳು ಮರೆಯಾಗುವಷ್ಟು ದೂರ ಹೋಗಿ ಇಂಜಿನ್ ನಿಲ್ಲಿಸಿ, ಸಲಿಕೆ ತೆಗೆದುಕೊಂಡು ಸತ್ತ ಸಿಗಡಿಯನ್ನು ನೀರಿಗೆ ಸುರಿದ. ಯಾವ ಕೆಲಸ ಈ ಕೈಗಳಿಗೆ ಇನ್ನು ಬೇಡವೆಂದು ಅಪ್ಪ ಅಜ್ಜಂದಿರ ಬೆಂಚು ಬಿಟ್ಟು ಬಂದಿದ್ದನೋ ಅದೇ ಕೆಲಸ. ಮುಗಿದಮೇಲೆ ಸಲಿಕೆ ತೊಳೆಯಲೂ ಮನಸ್ಸಾಗಲಿಲ್ಲ, ಹಾಗೇ ಅದರ ಮೇಲೆ ಕೈಯೂರಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಬೋಟಿನಲ್ಲಿ ಯಾರೂ ಇಲ್ಲವಲ್ಲ, ಯಾರಿಗೆ ನಾಚಬೇಕು.

ಆಮೇಲೂ ಅವನು ಕೈಚೆಲ್ಲಲಿಲ್ಲ, ಅದು ನಮ್ಮೂರಿನವರ ಜಾಯಮಾನ. ಒಂದು ಲೋಡು ಹೋದರೆ ಒಂದು ನಿಂತಿತು. ಹೋದದ್ದೂ ತಡವಾಗಿ ಹೋಗಿ ಬಡಕಲು ಬೆಲೆಗೆ ಬಿಕರಿಯಾಯಿತು. ಹಾಗೂ ಹೀಗೂ ಎರಡು ಚಳಿಗಾಲ ಎಳೆದ. ಮೊದಲ ಚಳಿಗಾಲದಲ್ಲೇ ಬೋಟಿನಲ್ಲಿ ದುಡಿಯುವ ಒಬ್ಬ ಕಲಾಸಿ ಸಮುದ್ರದ ನಡುವಿನ ಎಣ್ಣೆ ಬಾವಿಯ ಕೆಲಸಕ್ಕೆ ಹೋದ, ಎರಡನೆಯದರಲ್ಲಿ ಇನ್ನೊಬ್ಬ. ಆ ವಸಂತದಲ್ಲಿ ಐರ್ಲೆಂಡಿನ ಕಡೆಯವನೊಬ್ಬ ಬಂದು ಎಲಿಮ್ ಕೊಂಡ. ಬೋಟು ನಡೆಸುವ ತಾಂಡೇಲನಾಗಿ ನಲವತ್ತು ವರ್ಷ ಕಳೆದ ಗಿಬ್ ಅದನ್ನು ತಾನೇ ನಡೆಸಿಕೊಂಡು ಹೋಗಿ, ಇಂಜಿನ್ ಬಿಸಿಯೇರಿದಾಗ ಎಲ್ಲಿ ತಟ್ಟಬೇಕು ಎಂದು ತೋರಿಸಿಕೊಟ್ಟು, ಬಸ್ಸು ಹತ್ತಿ ಊರಿಗೆ ಬಂದ. ಬಸ್ಸಿನಲ್ಲಿ ಅವನಿಗೆ ವಾಂತಿಯಾಯಿತು. ಸಮುದ್ರದ ಮೇಲೆ ಒಂದು ದಿನವೂ ಆಗದವನಿಗೆ.

ಇನ್ನು ಸಮುದ್ರ ಬರುವುದಿಲ್ಲ. ಬಂದರೂ ಹಿಡಿಯಲು ಬೋಟಿಲ್ಲ. ಹಾಗಾದರೆ ಕಾಯುವುದು ಏನಕ್ಕೆ? ಗಿಬ್ ಒಂದು ವಾರ ಮುಂದಿನ ಕೋಣೆಯಲ್ಲಿ ಕೂತು ಇದನ್ನೇ ಯೋಚಿಸಿದ. ಅಪ್ಪನ ಹಾಗೆ ಕುರ್ಚಿ ತಿರುಗಿಸಿಕೊಳ್ಳಬೇಕು ಅನ್ನಿಸಿದ ದಿನ ಅವನಿಗೆ ಹೆದರಿಕೆಯಾಯಿತು. ಎದ್ದು ಮುಖ ತೊಳೆದು ಅಡಿಗೆಮನೆಯ ಬಾಗಿಲಿಗೆ ಬಂದ.

"ಸೈಲಸ್ ಹತ್ರ ಹೋಗ್ಬರ್ತೀನಿ."

ಎಲ್ಸ್‌ಪೆಟ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು.

"ಯಾಕೆ?"

"ತಪ್ಪಾಯ್ತು ಅನ್ನೋಕೆ."

ಅವಳು ಮೂಲೆಯಲ್ಲಿದ್ದ ಅವನ ಕೋಟು ತಂದು, ಹೆಗಲ ಮೇಲಿನ ಧೂಳು ಕೊಡವಿ, ಹಿಡಿದುಕೊಂಡು ನಿಂತಳು. ಅವನು ತೋಳು ತೂರಿಸಿದ. ಅವಳು ಹಾಗೆ ಕೋಟು ತೊಡಿಸಿ ಆರು ವರ್ಷವಾಗಿತ್ತು.

ಸೈಲಸ್‌ನ ಮನೆ ಮೇಲಿನ ಸಾಲಿನಲ್ಲಿ, ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಅವನು ಮನೆಯ ಪಕ್ಕದ ಶೆಡ್ಡಿನಲ್ಲಿ ಬಲೆ ಹೆಣೆಯುತ್ತಿದ್ದ. ಹಿಡಿಯುವ ಮೀನಿಗಿಂತ ಬಲೆಯ ರಿಪೇರಿಯೇ ಹೆಚ್ಚಾಗಿದ್ದ ದಿನಗಳು. ಗಿಬ್‌ನನ್ನು ನೋಡಿ ಎದ್ದು ನಿಂತ. ಒಳಗೆ ಬನ್ನಿ ಎನ್ನಲಿಲ್ಲ, ಅನ್ನುವ ಹಾಗೂ ಇರಲಿಲ್ಲ.

"ಎಲಿಮ್ ಮಾರಿದ್ರಂತೆ. ಕೇಳಿ ಬೇಜಾರಾಯ್ತು."

"ಸೈಲಸ್, ತಪ್ಪಾಯ್ತು."

ಸೈಲಸ್‌ನ ಕೈಯಲ್ಲಿದ್ದ ಹೆಣೆಯುವ ಕಡ್ಡಿ ಹಾಗೇ ನಿಂತಿತು.

"ವೋಟ್ ಹಾಕಿದ್ದು ತಪ್ಪು. ಅದನ್ನ ಸಭೆ ಮುಂದೆ ನಿಂತು ಹೇಳ್ತೀನಿ. ನೀವು ಹೇಳಿದ ದಿನ ಬರ್ತೀನಿ."

ಸೈಲಸ್ ಕಡ್ಡಿಯನ್ನು ಬಲೆಗೆ ಸಿಕ್ಕಿಸಿಟ್ಟ. ಮಾತಾಡಿದಾಗ ಅವನ ದನಿಯಲ್ಲಿ ಹಳೆಯ ಸಲಿಗೆ ಬಂದುಬಿಟ್ಟಿತ್ತು.

"ನಾನು ಇದಕ್ಕೇ ಕಾಯ್ತಿದ್ದೆ ಗಿಬ್. ಆದ್ರೆ ಉಳಿದ ಇಬ್ರು ಹಿರಿಯರು ನಿನ್ನನ್ನ ಒಂದ್ ಪ್ರಶ್ನೆ ಕೇಳೇ ಕೇಳ್ತಾರೆ, ಅದಕ್ಕೆ ನಾನೇ ಮೊದ್ಲು ಕೇಳ್ತೀನಿ. ಮೀನು ಬಂದಿದ್ರೆ? ನೀನು ಅಂದ ಹಾಗೇ ಸಮುದ್ರ ಬಂದು, ಎಲಿಮ್ ತುಂಬಿ ತುಳುಕ್ತಾ ಇದ್ದಿದ್ರೆ, ಇವತ್ತು ಇಲ್ಲಿ ನಿಂತಿರ್ತಿದ್ಯಾ?"

ಗಿಬ್ ಬಲೆಯ ಹೊಸ ಗಂಟೊಂದನ್ನು ಬೆರಳಲ್ಲಿ ಎಳೆದು ನೋಡಿದ.

"ನಿಂತಿರ್ತಿದ್ದೆ ಅನ್ನು," ಎಂದ ಸೈಲಸ್ ಮೆಲ್ಲಗೆ. "ಅಷ್ಟೇ ಸಾಕು. ನಾನು ಇನ್ನೇನೂ ಕೇಳಲ್ಲ."

ಅದೊಂದು ಮಾತು. ಪಿರಿಯಾಗಿದ್ದರೆ ಅದನ್ನೂ ಹೇಳಿ, ಮೇಲೊಂದು ಆಣೆಯನ್ನೂ ಇಟ್ಟು, ಇಳಿದು ಬರುತ್ತಿದ್ದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಗಿಬ್ ಆ ಬೆಂಚುಗಳ ಮೇಲೆ ಬೆಳೆದವನು. ಹೌದಾದರೆ ಹೌದು, ಇಲ್ಲವಾದರೆ ಇಲ್ಲ, ನಡುವಿನದೆಲ್ಲ ಸೈತಾನನದು ಎಂದು ಅವನಿಗೆ ಮಾತು ಬರುವ ಮೊದಲೇ ಕಿವಿಗೆ ಬಿದ್ದಿತ್ತು. ಸಭೆ ಅವನನ್ನು ಹೊರಗಿಟ್ಟಿತ್ತು, ಅವನೊಳಗಿನ ಸಭೆಯನ್ನು ಯಾರೂ ಹೊರಗಿಟ್ಟಿರಲಿಲ್ಲ. ಮೀನು ಬಂದಿದ್ದರೆ ತಾನು ಇಲ್ಲಿ ನಿಂತಿರುತ್ತಿರಲಿಲ್ಲ, ಇವರೆಲ್ಲ ತನ್ನ ಬಾಗಿಲಿಗೆ ಬರಲಿ ಎಂದು ಮೀಸೆ ತಿರುವುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದ.

"ಯೋಚನೆ ಮಾಡಿ ಹೇಳು."

"ಯೋಚನೆ ಮಾಡೋಕೆ ಏನಿದೆ ಸೈಲಸ್. ನಿಂತಿರ್ತಿರ್ಲಿಲ್ಲ."

ಸೈಲಸ್ ಬಲೆಯ ರಾಶಿಯ ಮೇಲೆ ಕುಸಿದು ಕೂತ. ಅವನ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು.

"ಹಾಗಾದ್ರೆ ನಿನಗೆ ಪಶ್ಚಾತ್ತಾಪ ಆಗಿಲ್ಲ. ಸೋಲಾಗಿದೆ ಅಷ್ಟೆ. ಸೋತು ಬಂದವನನ್ನೆಲ್ಲ ಒಳಗೆ ಕೂರಿಸ್ಕೊಳ್ಳೋಕೆ ಸಭೆ ಏನು ಧರ್ಮಛತ್ರನಾ?" ಅಂದವನು ತಡೆದು, ಮತ್ತೆ ಆ ಹಾಳು ಬಹುವಚನಕ್ಕೆ ತಿರುಗಿದ. "ಮನೆಗೆ ಹೋಗಿ. ಮನಸ್ಸು ತಿರುಗಿದ ದಿನ ಬನ್ನಿ."

ಮೆಟ್ಟಿಲು ಇಳಿಯುವಾಗ ಗಿಬ್ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೇ ಬಂದ. ಬಾಗಿಲು ತೆರೆದರೆ ಅಡಿಗೆಮನೆಯ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಹೊಗೆ ಹಿಡಿಸಿದ ಹ್ಯಾಡಕ್‌ಗೆ ಹಾಲು, ಆಲೂಗಡ್ಡೆ, ಈರುಳ್ಳಿ ಹಾಕಿದ ಸಾರು ಹಬೆಯಾಡುತ್ತಿತ್ತು. ಎಲ್ಸ್‌ಪೆಟ್ ಭಾನುವಾರದ ಸ್ಕಾರ್ಫ್ ಕಟ್ಟಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಕುರ್ಚಿ ಎಳೆದಳು.

"ಮೊದ್ಲು ಕೂತ್ಕೋ. ಆಮೇಲೆ ಎಲ್ಲ ಹೇಳುವಂತೆ. ಅಣ್ಣ ಏನಂದ ಅಂತ ನನಗ್ ಗೊತ್ತಿಲ್ವಾ."

ಆಗ ಹೇಳಬೇಕಿತ್ತು. ಗಿಬ್ ಹೇಳಲಿಲ್ಲ. ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ, ಕೂತ. ಅವಳು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದಳು. ಇಬ್ಬರೂ ಒಟ್ಟಿಗೆ, ಒಂದೇ ಮೇಜಿನಿಂದ, ಆಮೆನ್ ಅಂದರು. ಒಂದೇ ಒಂದು ತುತ್ತು, ಎಂದುಕೊಂಡ. ಒಂದು ತುತ್ತು ಉಂಡು ಹೇಳಿಬಿಡುತ್ತೇನೆ. ಅವಳು ಒಂದು ಚಮಚ ಸಾರು ಕುಡಿದಳು, ಇವನೂ ಕುಡಿದ. ಅವಳು ಊರಿನ ಸುದ್ದಿ ತೆಗೆದಳು, ಯಾರದೋ ಕೋಳಿ ಅಂಚೆಯವನ ಚೀಲದಲ್ಲಿ ಮೊಟ್ಟೆಯಿಟ್ಟ ಕಥೆ. ಇವನು ಹೂಂ ಅಂದ. ತಟ್ಟೆ ಅರ್ಧವಾಯಿತು.

"ನಿನಗೊಂದು ಮಾತು ಹೇಳ್ಬೇಕು," ಎಂದಳು ಅವಳು. ಕೆನ್ನೆ ಕೆಂಪಾಗಿತ್ತು. "ಬೈಬಾರ್ದು. ಈಗ ಎಲ್ಲ ಸರಿಹೋಯ್ತಲ್ಲ, ಅದಕ್ಕೆ ಹೇಳ್ತಿದೀನಿ. ನೀನು ಅಲ್ಲಿ ಕೂತು ಸಮುದ್ರ ಬರ್ಲಿ ಅಂತ ಕೇಳ್ಕೋತಿದ್ದೆ. ನಾನು ಇಲ್ಲಿ ಕೂತು ಬರೋದ್ ಬೇಡ ಅಂತ ಕೇಳ್ಕೋತಿದ್ದೆ. ಪ್ರತಿ ಊಟಕ್ಕೂ. ಮೀನು ಬಂದ್ರೆ ನೀನು ಗೆದ್ದೆ ಅಂತ ಅಲ್ಲೇ ಉಳ್ಕೊಳ್ತೀಯ. ಮೀನು ಬರದೇ ಹೋದ್ರೆ ನನ್ನ ಹತ್ರ ಬರ್ತೀಯ. ಬೋಟು ಹೋದ್ರೂ ಹೋಗ್ಲಿ, ಇವನು ಬರ್ಲಿ ಅಂದೆ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ದೇವ್ರು ನನ್ನ ಮಾತೇ ಕೇಳ್ದ ನೋಡು."

ಗಿಬ್ ಚಮಚ ಕೆಳಗಿಟ್ಟ. ಬೋಟು ಹೋಗಲಿ ಎಂದು ತನ್ನ ಹೆಂಡತಿಯೇ ಬೇಡಿಕೊಂಡಳು ಎಂದು ಅವನಿಗೆ ಸಿಟ್ಟು ಬರಲಿಲ್ಲ. ಅಷ್ಟು ಬೇಡಿಕೊಂಡಳಲ್ಲ ಎಂದು ಎದೆ ಒಡೆಯಿತು. ಇವಳ ಮುಂದೆ ಇನ್ನೊಂದು ಚಮಚ ಎತ್ತುವುದು ಅವನಿಂದಾಗಲಿಲ್ಲ.

"ನನ್ನ ಸೇರಿಸ್ಕೊಳ್ಳಲಿಲ್ಲ, ಎಲ್ಸ್‌ಪೆಟ್."

ಅವಳಿಗೆ ಅರ್ಥವಾಗಲಿಲ್ಲ. ಅವನು ನಡೆದದ್ದನ್ನೆಲ್ಲ ಹೇಳಿದ, ಸೈಲಸ್ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಅವಳು ಕೇಳುತ್ತ ಕೇಳುತ್ತ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದಳು.

"ಹಾಗಾದ್ರೆ ನೀನು ಇನ್ನೂ ಹೊರಗಿದ್ದೀಯ."

"ಹೂಂ."

"ನಾನು ನಿನ್ನ ಜೊತೆ ಉಂಡೆ."

"ಒಂದ್ ತುತ್ತು ಉಂಡು ಹೇಳೋಣ ಅಂತಿದ್ದೆ. ಆಗ್ಲಿಲ್ಲ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಯಾರು ನೋಡಿದ್ರು? ನೀನು ಬೇಕಂತ ಮಾಡ್ಲಿಲ್ಲ."

"ಅಣ್ಣನ ಮುಂದೆ ಒಂದು ಸುಳ್ಳು ಹೇಳೋಕೆ ನಿನ್ನಿಂದ ಆಗ್ಲಿಲ್ಲ," ಎಂದಳು ಎಲ್ಸ್‌ಪೆಟ್. "ನಾನು ಜೀವನಪೂರ್ತಿ ಹೇಳ್ಲಾ?"

ಅವಳು ಎದ್ದಳು. ಸ್ಕಾರ್ಫ್ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬಾಗಿಲ ಹತ್ತಿರ ನಿಂತು, ಅವನ ಕಡೆ ನೋಡದೆ, "ಉಂಡಿದ್ದನ್ನ ಅಣ್ಣನಿಗೆ ಹೇಳ್ಬರ್ತೀನಿ, ತಟ್ಟೇಲಿರೋದು ಮುಗಿಸು," ಅಂದಳು.

"ಸೈಲಸ್ ಏನಂದ್ರೂ ಬಂದ್ಬಿಡ್ತೀಯಲ್ಲ?"

"ಅವರು ಹೇಗೆ ಹೇಳ್ತಾರೋ ಹಾಗೆ."

ಕಿಟಕಿಯಿಂದ ಗಿಬ್ ನೋಡುತ್ತಿದ್ದ. ಮೊಣಕಾಲು ನೋವಿನ ಹೆಂಗಸು, ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದಳು, ನಡುವೆ ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು. ಸೈಲಸ್‌ನ ಮನೆಯ ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ಆ ಇನ್ನಿಬ್ಬರು ಹಿರಿಯರೂ ಟೋಪಿ ಹಾಕಿಕೊಂಡು ಅದೇ ಮೆಟ್ಟಿಲು ಹತ್ತಿ ಒಳಗೆ ಹೋದರು.

ಸಂಜೆಗೆ ಬಾಗಿಲು ತಟ್ಟಿದ್ದು ಎಲ್ಸ್‌ಪೆಟ್ ಅಲ್ಲ, ಸೈಲಸ್‌ನ ಹೆಂಡತಿ ರೂತ್. ಹೊಸ್ತಿಲ ಹೊರಗೇ ನಿಂತಳು. ಕೈಯಲ್ಲಿ ಖಾಲಿ ಸೂಟ್‌ಕೇಸು ಇತ್ತು.

"ಒಂದೇ ಸೂರಿನಡಿ ಇದ್ರೆ ಮತ್ತೆ ಎಡವ್ತಾಳೆ ಅಂದ್ರು ಹಿರಿಯರು. ನಮ್ಮ ಮನೇಲಿ ಇರ್ತಾಳೆ. ಅವಳ ಬಟ್ಟೆ ಕೊಡ್ತೀರಾ?"

"ಎಲ್ಸ್‌ಪೆಟ್ ಏನಂದ್ಲು?"

"ಆಗ್ಲಿ ಅಂತ ತಲೆ ಆಡಿಸಿದ್ಲು."

ಗಿಬ್ ಸೂಟ್‌ಕೇಸು ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬೀರು ತೆರೆದ. ಅವಳ ಬಟ್ಟೆಗಳನ್ನು ಅವನು ಎಂದೂ ಮುಟ್ಟಿ ಮಡಿಸಿದವನಲ್ಲ. ಬಲೆ ಮಡಿಸುವ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಿಸಿದ. ಎರಡು ಸ್ಕರ್ಟು, ಬ್ಲೌಸುಗಳು, ಸ್ಕಾರ್ಫುಗಳು. ಮೇ ತಿಂಗಳಲ್ಲವೇ, ತೆಳುವಾದವನ್ನೇ ಆರಿಸಿ ಇಟ್ಟು ತಂದು ಕೊಟ್ಟ.

ರೂತ್ ಸೂಟ್‌ಕೇಸು ತೆರೆದು ಒಳಗೆ ನೋಡಿದಳು. ಮುಚ್ಚಲಿಲ್ಲ.

"ಚಳಿಗಾಲದ ಕೋಟೂ ಹಾಕಿಬಿಡಿ," ಅಂದಳು.